ಬಾಂಬಿನ ಮಳೆ ಮತ್ತು ಅದನ್ನು ಸುರಿಸಿದವನು

1992ರ ಮೇ 31ರಂದು ಲಂಡನ್ನಿನ ಸ್ಟ್ರಾಂಡ್ ರಸ್ತೆಯಲ್ಲಿರುವ ಸೇಂಟ್ ಕ್ಲೆಮೆಂಟ್ ಡೇನ್ಸ್ ಚರ್ಚಿನ ಮುಂದೆ ಒಂದು ಕಂಚಿನ ಪ್ರತಿಮೆಯ ಅನಾವರಣವಾಯಿತು. ಬ್ರಿಟನ್ನಿನ ರಾಜಮಾತೆ ಪರದೆ ಸರಿಸುತ್ತಿದ್ದಂತೆ ಗುಂಪಿನೊಳಗಿಂದ ಕೆಲವರು ‘ಕೊಲೆಗಡುಕ’ ಎಂದು ಕೂಗಿದರು. ಮುದುಕಿ ರಾಣಿ ಒಂದು ಕ್ಷಣ ಮಾತು ನಿಲ್ಲಿಸಬೇಕಾಯಿತು. ಆಮೇಲೆ ಆ ಪ್ರತಿಮೆಗೆ ಕೆಂಪು ಬಣ್ಣ ಎರಚಿದರು. ತೊಳೆದರು, ಮತ್ತೆ ಎರಚಿದರು. ಪ್ರತಿಮೆ ಇಂದಿಗೂ ಅಲ್ಲಿಯೇ ಇದೆ. ಅದು ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಬಾಂಬರ್ ಕಮಾಂಡಿನ ಮುಖ್ಯಸ್ಥನಾಗಿದ್ದ ಆರ್ಥರ್ ಟ್ರಾವರ್ಸ್ ಹ್ಯಾರಿಸ್‌ನದು. ಪತ್ರಿಕೆಗಳು ಅವನನ್ನು ‘ಬಾಂಬರ್’ ಹ್ಯಾರಿಸ್ ಎಂದವು. ಅವನ ಕೈಕೆಳಗಿನ ವೈಮಾನಿಕರು ‘ಬುಚ್’ ಎನ್ನುತ್ತಿದ್ದರು, ಅಂದರೆ ಕಟುಕ. ವಿಚಿತ್ರವೆಂದರೆ ಅದರಲ್ಲಿ ಅಕ್ಕರೆಯೂ ಇತ್ತು.

ಇಂಥವನ ಬಗ್ಗೆ ಕನ್ನಡದ ಓದುಗರಿಗೆ ನಾವು ಏಕೆ ಬರೆಯಬೇಕು? ಯುರೋಪಿನ ಒಂದು ಯುದ್ಧ, ಅಲ್ಲಿಯ ಇಬ್ಬರು ಶತ್ರುಗಳು, ಎಂಬತ್ತು ವರ್ಷಕ್ಕೂ ಹಳೆಯ ಸಂಗತಿ. ಆದರೆ ಹ್ಯಾರಿಸ್‌ನ ಆತ್ಮಕಥನವನ್ನೂ ಅವನ ಮೇಲೆ ಬಂದ ಜೀವನಚರಿತ್ರೆಗಳನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದಾಗ ನಮಗೆ ಹೊಳೆದದ್ದು ಬೇರೆ. ಹ್ಯಾಂಬರ್ಗ್ ಮತ್ತು ಡ್ರೆಸ್ಡನ್‌ಗಳಿಂದ ಅವನ ಕಥೆ ಶುರುವಾಗುವುದಿಲ್ಲ. ಅದು ವಾಯವ್ಯ ಗಡಿಯ ಹಳ್ಳಿಗಳಿಂದ, ಇರಾಕಿನ ಜೊಂಡಿನ ಗುಡಿಸಲುಗಳಿಂದ, ಪ್ಯಾಲೆಸ್ತೀನಿನ ಕಲ್ಲಿನ ಮನೆಗಳಿಂದ ಶುರುವಾಗುತ್ತದೆ. ಈ ಭಾಗವನ್ನು ಅವನೂ ಅವನ ಚರಿತ್ರಕಾರರೂ ಅವಸರದಲ್ಲಿ ದಾಟಿ ಹೋಗುತ್ತಾರೆ. ಆ ಅವಸರವನ್ನು ಸ್ವಲ್ಪ ನಿಲ್ಲಿಸಿ ನೋಡುವುದೇ ಈ ಲೇಖನದ ಉದ್ದೇಶ.

ಅದಕ್ಕೂ ಮೊದಲು ಒಂದು ಶಬ್ದದ ಬಗ್ಗೆ ಹೇಳಬೇಕು. 1991ರ ಜನವರಿಯಲ್ಲಿ ಬಾಗ್ದಾದಿನ ಮೇಲೆ ದಾಳಿ ನಡೆದಾಗ ನಾವು ಶಾಲೆಗೆ ಹೋಗುವ ಮಕ್ಕಳು. ಮನೆಗೆ ಬರುತ್ತಿದ್ದ ಉರ್ದು ಪತ್ರಿಕೆಯಲ್ಲಿ ದಿನವೂ ‘ಬಂಬಾರಿ’ ಎಂಬ ಪದ ಇರುತ್ತಿತ್ತು. ಪಕ್ಕದ ಮನೆಯ ಕನ್ನಡ ಪತ್ರಿಕೆಯಲ್ಲಿ ‘ಬಾಂಬಿನ ಸುರಿಮಳೆ’ ಎಂದಿರುತ್ತಿತ್ತು. ಉರ್ದುವಿನ ‘ಬಾರಿ’ ಎಂಬ ಪ್ರತ್ಯಯವೂ ಸುರಿಯುವುದು ಎಂಬ ಅರ್ಥದ ಪಾರಸಿ ಧಾತುವಿನಿಂದ ಬಂದದ್ದೇ. ‘ಬಾರಿಶ್’ ಎಂಬ ಮಳೆಯ ಹೆಸರೂ ಅದರಿಂದಲೇ ಹುಟ್ಟಿದೆ. ಹೀಗೆ ನಾವು ಕಲಿತ ಎರಡು ಭಾಷೆಗಳೂ ಬಾಂಬನ್ನು ಮಳೆ ಎಂದೇ ಕರೆದವು. ಮಳೆಯೆಂದರೆ ಬರುವುದು, ಯಾರೂ ಕಳಿಸುವುದಲ್ಲ. ಕಳಿಸುವವನಿದ್ದರೆ ಅವನು ಮೇಲಿನವನೊಬ್ಬನೇ. ಅಬಾಬೀಲ್ ಹಕ್ಕಿಗಳು ಅಬ್ರಹನ ಆನೆಗಳ ಮೇಲೆ ಕಲ್ಲು ಸುರಿಸಿದ ಕಥೆ ಕೇಳುತ್ತ ಬೆಳೆದ ಮಕ್ಕಳಿಗೆ ಆಕಾಶದಿಂದ ಬೀಳುವುದೆಲ್ಲ ದೇವರ ಲೆಕ್ಕದ್ದೇ ಆಗಿತ್ತು. ಆ ವಿಮಾನವನ್ನು ಯಾರೋ ಒಬ್ಬ ಕಚೇರಿಯಲ್ಲಿ ಕುಳಿತು, ನಕ್ಷೆ ನೋಡಿ, ಹವಾಮಾನ ವರದಿ ಕೇಳಿ, ಚಹಾ ಕುಡಿದು ಕಳಿಸಿದ್ದಾನೆ ಎಂಬ ಯೋಚನೆ ಬಹಳ ತಡವಾಗಿ ಬಂತು. ಹ್ಯಾರಿಸ್‌ನನ್ನು ಓದುವುದೆಂದರೆ ನಮ್ಮ ಪಾಲಿಗೆ ಆ ಕಚೇರಿಯ ಬಾಗಿಲು ತೆರೆದು ಒಳಗೆ ಇಣುಕುವುದು.

ನಡೆಯಲು ಬೇಸತ್ತ ಸಿಪಾಯಿ

ಹ್ಯಾರಿಸ್ ಹುಟ್ಟಿದ್ದು 1892ರ ಏಪ್ರಿಲ್ 13ರಂದು, ಇಂಗ್ಲೆಂಡಿನ ಚೆಲ್ಟನಮ್‌ನಲ್ಲಿ. ತಂದೆ ಭಾರತದಲ್ಲಿ ಸರ್ಕಾರಿ ಸೇವೆಯಲ್ಲಿದ್ದವನು. ಆ ಕಾಲದ ಬಿಳಿಯ ಅಧಿಕಾರಿಗಳ ರೂಢಿಯಂತೆ ಮಗನನ್ನು ಚಿಕ್ಕಂದಿನಲ್ಲೇ ಇಂಗ್ಲೆಂಡಿನ ವಸತಿಶಾಲೆಗೆ ಬಿಟ್ಟು ತಂದೆತಾಯಿ ಇಲ್ಲಿದ್ದರು. ರಜೆ ಬಂದರೆ ಹುಡುಗ ಬೇರೆಯವರ ಮನೆಯಲ್ಲಿ ಉಳಿಯಬೇಕಾಗುತ್ತಿತ್ತು. ಸಾಮ್ರಾಜ್ಯಶಾಹಿ ಆಳಿಸಿಕೊಂಡವರ ಮಕ್ಕಳನ್ನು ಮಾತ್ರವಲ್ಲ, ಆಳಿದವರ ಮಕ್ಕಳನ್ನೂ ಅನಾಥರನ್ನಾಗಿ ಮಾಡುತ್ತಿತ್ತು ಎಂಬುದನ್ನು ಇಲ್ಲಿ ಮರೆಯಬಾರದು. ಹದಿನೇಳರ ವಯಸ್ಸಿನಲ್ಲಿ ತಂದೆಯ ಇಷ್ಟಕ್ಕೆ ವಿರುದ್ಧವಾಗಿ ಅವನು ಆಫ್ರಿಕದ ದಕ್ಷಿಣ ರೊಡೀಷಿಯಾಕ್ಕೆ, ಅಂದರೆ ಇಂದಿನ ಜಿಂಬಾಬ್ವೆಗೆ ಹೋದ. ಅಲ್ಲಿ ಹೊಲಗದ್ದೆ, ಕುದುರೆ ಗಾಡಿ ಮುಂತಾದ ಕೆಲಸ ಮಾಡಿದ. ಬದುಕಿನ ಕೊನೆಯವರೆಗೂ ತನ್ನನ್ನು ರೊಡೀಷಿಯಾದವನೆಂದೇ ಹೇಳಿಕೊಂಡ.

1914ರಲ್ಲಿ ಯುದ್ಧ ಬಂದಾಗ ರೊಡೀಷಿಯಾ ರೆಜಿಮೆಂಟಿನಲ್ಲಿ ಕಹಳೆ ಊದುವವನಾಗಿ ಸೇರಿದ. ಜರ್ಮನ್ ನೈರುತ್ಯ ಆಫ್ರಿಕದ ಮರುಭೂಮಿಯಲ್ಲಿ ನೂರಾರು ಮೈಲಿ ನಡೆದ. ಇನ್ನು ಜೀವಮಾನದಲ್ಲಿ ಕಾಲ್ನಡಿಗೆಯ ಯುದ್ಧ ಬೇಡವೆಂದು ಅಲ್ಲಿಯೇ ತೀರ್ಮಾನಿಸಿದ್ದಾಗಿ ಅವನೇ ಬರೆದುಕೊಂಡಿದ್ದಾನೆ. 1915ರಲ್ಲಿ ಇಂಗ್ಲೆಂಡಿಗೆ ಬಂದು ರಾಯಲ್ ಫ್ಲೈಯಿಂಗ್ ಕೋರ್ ಸೇರಿದ. ಮೇಲಿನಿಂದ ಅವನು ಕಂಡದ್ದು ಫ್ರಾನ್ಸ್ ಮತ್ತು ಬೆಲ್ಜಿಯಮ್ಮಿನ ಕೆಸರು ಕಂದಕಗಳನ್ನು. ಒಂದು ಗಜ ನೆಲಕ್ಕಾಗಿ ಸಾವಿರಾರು ತರುಣರು ಸಾಯುವುದನ್ನು. ಇಂಥ ಯುದ್ಧ ಇನ್ನೊಮ್ಮೆ ಆಗಬಾರದು, ಆಕಾಶದಿಂದಲೇ ಶತ್ರುವನ್ನು ಸೋಲಿಸಬೇಕು ಎಂಬ ಅವನ ನಂಬಿಕೆಯ ಬೇರು ಇಲ್ಲಿದೆ. ಈ ನಂಬಿಕೆಯನ್ನು ಕ್ರೌರ್ಯವೆಂದು ತಳ್ಳಿಹಾಕಲಾಗದು. ಅದರೊಳಗೆ ಒಂದು ಕನಿಕರವೂ ಇತ್ತು. ಆದರೆ ಆ ಕನಿಕರ ತನ್ನ ಕಡೆಯ ಸಿಪಾಯಿಯವರೆಗೆ ಹೋಗಿ ನಿಂತುಬಿಟ್ಟಿತು.

ಇರಾಕಿನ ಪಾಠಶಾಲೆ

ಮೊದಲ ಮಹಾಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆಗೆ ಅಸ್ತಿತ್ವದ ಪ್ರಶ್ನೆ ಎದುರಾಯಿತು. ಭೂಸೇನೆಯೂ ನೌಕಾಸೇನೆಯೂ ಅದನ್ನು ತಮ್ಮೊಳಗೆ ನುಂಗಲು ಕಾದಿದ್ದವು. ಇತ್ತ 1920ರಲ್ಲಿ ಇರಾಕಿನ ಜನ ಬ್ರಿಟಿಷರ ವಿರುದ್ಧ ದಂಗೆ ಎದ್ದರು. ಅದನ್ನು ಅಡಗಿಸಲು ದೊಡ್ಡ ಸೈನ್ಯ ಬೇಕಾಯಿತು. ಅದರಲ್ಲಿ ಭಾರತದಿಂದ ಕಳಿಸಿದ ಸಿಪಾಯಿಗಳೂ ಇದ್ದರು. ಖರ್ಚು ಮಿತಿಮೀರಿತು. 1921ರ ಮಾರ್ಚಿನಲ್ಲಿ ವಸಾಹತು ಸಚಿವ ಚರ್ಚಿಲ್ ಕೈರೋದಲ್ಲಿ ಸಭೆ ಕರೆದ. ಇರಾಕನ್ನು ಸೈನ್ಯದ ಬದಲು ವಿಮಾನಗಳಿಂದ ಆಳಬಹುದು, ಅದು ಅಗ್ಗ ಎಂಬ ನಿರ್ಧಾರವಾಯಿತು. 1922ರ ಅಕ್ಟೋಬರಿನಿಂದ ಒಂದು ದೇಶದ ಇಡೀ ಕಾವಲನ್ನು ವಾಯುಪಡೆ ವಹಿಸಿಕೊಂಡಿತು. ಇದಕ್ಕೆ ‘ವಾಯು ನಿಯಂತ್ರಣ’ ಎಂದು ಹೆಸರು. ಕಂದಾಯ ಕೊಡದ, ಶೇಖನ ಮಾತು ಕೇಳಿ ಎದುರು ನಿಂತ ಹಳ್ಳಿಗೆ ಮೊದಲು ಎಚ್ಚರಿಕೆಯ ಚೀಟಿ ಉದುರಿಸುವುದು, ಆಮೇಲೆ ಬಾಂಬು. ವಾಯುಪಡೆ ಉಳಿದುಕೊಂಡದ್ದು ಹೀಗೆ. ಆ ಉಳಿವಿಗೆ ತೆತ್ತ ಬೆಲೆಯಲ್ಲಿ ಒಂದು ಪಾಲು ಇರಾಕಿನ ಹಳ್ಳಿಗರದು.

ಹ್ಯಾರಿಸ್ 1921ರಲ್ಲಿ ಭಾರತದ ವಾಯವ್ಯ ಗಡಿಯಲ್ಲಿ 31ನೆಯ ಸ್ಕ್ವಾಡ್ರನ್ನಿನ ಮುಖ್ಯಸ್ಥನಾಗಿದ್ದ. ಅಲ್ಲಿಂದ 1922ರಲ್ಲಿ ಇರಾಕಿಗೆ ಹೋಗಿ 45ನೆಯ ಸ್ಕ್ವಾಡ್ರನ್ ವಹಿಸಿಕೊಂಡ. ಅವರ ಬಳಿ ಇದ್ದದ್ದು ಸಿಪಾಯಿಗಳನ್ನು ಸಾಗಿಸುವ ವಿಕರ್ಸ್ ವರ್ನನ್ ವಿಮಾನಗಳು. ಹ್ಯಾರಿಸ್‌ಗೆ ಬರೀ ಸಾಗಾಟದ ಕೆಲಸ ಹಿಡಿಸಲಿಲ್ಲ. ವಿಮಾನದ ಮೂತಿಯಲ್ಲಿ ತೂತು ಕೊರೆಸಿ, ಗುರಿ ನೋಡುವವನು ಬೋರಲು ಮಲಗುವಂತೆ ಮಾಡಿ, ಬಾಂಬು ಕಟ್ಟುವ ಚೌಕಟ್ಟುಗಳನ್ನು ತಮ್ಮ ಕಾರ್ಯಾಗಾರದಲ್ಲೇ ತಯಾರಿಸಿ, ಅವನ್ನು ಭಾರಿ ಬಾಂಬರುಗಳನ್ನಾಗಿ ಮಾರ್ಪಡಿಸಿದ. ರಾತ್ರಿಯ ದಾಳಿಯ ಅಭ್ಯಾಸವೂ ಇಲ್ಲಿಯೇ ಬೆಳೆಯಿತು. ಮುಂದೆ ಜರ್ಮನಿಯ ಮೇಲಿನ ದಾಳಿಗಳಲ್ಲಿ ಅವನ ಬಲಗೈಗಳಾಗಿದ್ದ ಸಾಂಡ್‌ಬಿ ಮತ್ತು ಕಾಕ್ರೇನ್ ಆಗ ಅವನ ಕೈಕೆಳಗಿನ ಅಧಿಕಾರಿಗಳು. ಹೀಗೆ ಹ್ಯಾಂಬರ್ಗನ್ನು ಸುಟ್ಟ ವಿದ್ಯೆಯ ಅಕ್ಷರಾಭ್ಯಾಸ ನಡೆದದ್ದು ಬಾಗ್ದಾದಿನ ಬಳಿಯ ಹಿನೈದಿಯಲ್ಲಿ.

ಈ ಮಾರ್ಪಾಡಿನ ಸಂಗತಿಯನ್ನು ಹ್ಯಾರಿಸ್ 1947ರಲ್ಲಿ ಪ್ರಕಟಿಸಿದ ‘ಬಾಂಬರ್ ಅಫೆನ್ಸಿವ್’ ಎಂಬ ಆತ್ಮಕಥನದಲ್ಲಿ ಒಬ್ಬ ಜಾಣ ಮೇಸ್ತ್ರಿಯ ಹಿಗ್ಗಿನಿಂದ ಹೇಳುತ್ತಾನೆ. ಕೊರೆದ ತೂತಿನ ವಿವರವಿದೆ, ಕಟ್ಟಿದ ಚೌಕಟ್ಟಿನ ವಿವರವಿದೆ. ಆ ಬಾಂಬು ಬಿದ್ದ ಜಾಗದ ವಿವರವಿಲ್ಲ. ಒಂದು ಹಳ್ಳಿಯ ಹೆಸರಿಲ್ಲ, ಒಬ್ಬ ಮನುಷ್ಯನ ಮುಖವಿಲ್ಲ. ಕಥೆ ಬರೆಯುವ ನಮಗೆ ಇದು ಥಟ್ಟನೆ ಕಾಣುವ ಕೊರತೆ. ಪುಸ್ತಕ ಮರೆಮಾಚಿದ್ದನ್ನು ಅವನ ಇಲಾಖೆಯ ಕಡತ ಮರೆಮಾಚಲಿಲ್ಲ. 1924ರ ವರದಿಯೊಂದರಲ್ಲಿ, ನಾಲ್ಕೈದು ವಿಮಾನಗಳು ನಲವತ್ತೈದು ನಿಮಿಷದಲ್ಲಿ ಒಂದು ದೊಡ್ಡ ಹಳ್ಳಿಯನ್ನು ಬಹುಪಾಲು ಅಳಿಸಿಹಾಕಬಲ್ಲವು, ಅಲ್ಲಿಯವರಲ್ಲಿ ಮೂರನೆಯ ಒಂದು ಪಾಲು ಸತ್ತೋ ಗಾಯಗೊಂಡೋ ಹೋಗುತ್ತಾರೆ, ಇದು ಅರಬನಿಗೂ ಕುರ್ದನಿಗೂ ಈಗ ಗೊತ್ತಾಗಿದೆ ಎಂಬ ಅರ್ಥದ ಮಾತುಗಳನ್ನು ಅವನು ಬರೆದಿದ್ದಾನೆ. ಅದೇ ವರ್ಷ ಶೇಖ್ ಮಹಮೂದ್ ಬರ್‌ಜಂಜಿಯನ್ನು ಮಣಿಸಲು ಕುರ್ದರ ಸುಲೈಮಾನಿಯಾ ಪಟ್ಟಣದ ಮೇಲೆ ಬ್ರಿಟಿಷ್ ವಿಮಾನಗಳು ಬಾಂಬು ಹಾಕಿದವು.

ಆ ಕಾಲದಲ್ಲಿ ಎಲ್ಲರೂ ಹೀಗೆಯೇ ಯೋಚಿಸುತ್ತಿದ್ದರು, ಇಂದಿನ ತಕ್ಕಡಿಯಲ್ಲಿ ಅಂದಿನವರನ್ನು ತೂಗಬಾರದು ಎಂಬ ವಾದವುಂಟು. ಆದರೆ ಎಲ್ಲರೂ ಹಾಗೆ ಯೋಚಿಸಲಿಲ್ಲ. ಏರ್ ಕಮೊಡೋರ್ ಲಯನೆಲ್ ಚಾರ್ಲ್‌ಟನ್ ಎಂಬವನು 1923ರಲ್ಲಿ ಇರಾಕಿನ ವಾಯುಪಡೆಯ ಹಿರಿಯ ಸಿಬ್ಬಂದಿ ಅಧಿಕಾರಿಯಾಗಿ ಬಂದ. ಬಂದ ಹೊಸತರಲ್ಲೇ ದೀವಾನಿಯಾ ಎಂಬ ಊರಿನ ಆಸ್ಪತ್ರೆಗೆ ಭೇಟಿ ಕೊಟ್ಟ. ಹಾಸಿಗೆಗಳ ಮೇಲೆ ಬಾಂಬಿನಿಂದ ಗಾಯಗೊಂಡ ಹಳ್ಳಿಗರು ಮಲಗಿದ್ದರು. ಆ ಬಾಂಬು ಹಾಕಿದ್ದು ತನ್ನದೇ ಪಡೆ. ಯುದ್ಧ ಘೋಷಣೆಯಾಗದ ಊರಿನಲ್ಲಿ ತಪ್ಪಿತಸ್ಥ ಯಾರು, ನಿರಪರಾಧಿ ಯಾರು ಎಂದು ನೋಡದೆ ಮೇಲಿನಿಂದ ಕೊಲ್ಲುವುದು ಅವನಿಗೆ ತಡೆಯಲಾಗಲಿಲ್ಲ. ತನ್ನನ್ನು ಈ ಹುದ್ದೆಯಿಂದ ಬಿಡಿಸಿ ಎಂದು ಕೇಳಿಕೊಂಡು ಇಂಗ್ಲೆಂಡಿಗೆ ಮರಳಿದ. ಮೇಲಕ್ಕೆ ಏರುತ್ತಿದ್ದ ಅವನ ವೃತ್ತಿಜೀವನ ಅಲ್ಲಿಗೆ ಕುಂಟಿತು. 1931ರಲ್ಲಿ ಅವನೂ ಆತ್ಮಕಥೆ ಬರೆದ. ಅದರಲ್ಲಿ ‘ನಾನು’ ಇಲ್ಲ. ತನ್ನನ್ನೇ ‘ಅವನು’ ಎಂದು ಕರೆದು ಬರೆದುಕೊಂಡಿದ್ದಾನೆ.

ಈ ಇಬ್ಬರನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದೇ ದೇಶ, ಒಂದೇ ಸಮವಸ್ತ್ರ, ಒಂದೇ ಕಾಲ. ಒಬ್ಬ ವಿಮಾನದ ಮೂತಿಯಲ್ಲಿ ತೂತು ಕೊರೆಸಿ ಅದರ ಮೂಲಕ ಕೆಳಗೆ ನೋಡಿದ. ಇನ್ನೊಬ್ಬ ಆಸ್ಪತ್ರೆಯ ಬಾಗಿಲಿನಿಂದ ಒಳಗೆ ನೋಡಿದ. ಇತಿಹಾಸದಲ್ಲಿ ಮೊದಲನೆಯವನಿಗೆ ಪ್ರತಿಮೆ ಬಂತು. ಎರಡನೆಯವನ ಹೆಸರು ಪುಸ್ತಕಗಳ ಅಡಿಟಿಪ್ಪಣಿಗಳಲ್ಲಿ ಉಳಿಯಿತು.

ಪ್ಯಾಲೆಸ್ತೀನಿನ ಮಾತನ್ನೂ ಇಲ್ಲಿ ಮುಗಿಸಿಬಿಡೋಣ. 1936ರಲ್ಲಿ ಅಲ್ಲಿಯ ಅರಬರು ದಂಗೆ ಎದ್ದಾಗ ಹ್ಯಾರಿಸ್ ವಾಯು ಮಂತ್ರಾಲಯದಲ್ಲಿ ಯೋಜನಾ ವಿಭಾಗದ ಅಧಿಕಾರಿ. ತಲೆ ಎತ್ತಿ ಮಾತಾಡಿದ ಪ್ರತಿ ಹಳ್ಳಿಗೂ ಒಂದೊಂದು ಭಾರಿ ಬಾಂಬು ಹಾಕಿದರೆ ಸರಿಹೋಗುತ್ತದೆ ಎಂದು ಸೂಚಿಸಿದ್ದ. 1938ರಲ್ಲಿ ಪ್ಯಾಲೆಸ್ತೀನ್ ಮತ್ತು ಟ್ರಾನ್ಸ್‌ಜೋರ್ಡಾನಿನ ವಾಯುಪಡೆಯ ಮುಖ್ಯಸ್ಥನಾಗಿ ಅವನನ್ನೇ ಕಳಿಸಿದರು. 1939ರಲ್ಲಿ ಅವನು ಮರಳಿದ ಕೆಲವೇ ವಾರಗಳಲ್ಲಿ ಯುರೋಪಿನ ಯುದ್ಧ ಶುರುವಾಯಿತು.

ನಗರಗಳ ಪಟ್ಟಿ

1942ರ ಫೆಬ್ರವರಿ 22ರಂದು ಹ್ಯಾರಿಸ್ ಬಾಂಬರ್ ಕಮಾಂಡಿನ ಮುಖ್ಯಸ್ಥನಾದ. ಆಗ ಆ ಪಡೆಯ ಸ್ಥಿತಿ ನಗೆಪಾಟಲಾಗಿತ್ತು. 1941ರ ಆಗಸ್ಟಿನಲ್ಲಿ ಬಂದ ಬಟ್ ವರದಿಯ ಪ್ರಕಾರ, ಗುರಿ ಮುಟ್ಟಿದೆವೆಂದು ಹೇಳಿಕೊಂಡ ವಿಮಾನಗಳಲ್ಲಿ ಮೂರಕ್ಕೆ ಒಂದು ಮಾತ್ರ ಗುರಿಯ ಐದು ಮೈಲಿಯೊಳಗೆ ಹೋಗಿತ್ತು. ಕಾರ್ಖಾನೆಯನ್ನು ಹೊಡೆಯಲಾಗದಿದ್ದರೆ ಕಾರ್ಖಾನೆಯ ಸುತ್ತಲಿನ ಊರನ್ನೇ ಹೊಡೆಯಿರಿ ಎಂಬ ನೀತಿ ಹೀಗೆ ಹುಟ್ಟಿತು. ಶತ್ರು ದೇಶದ ನಾಗರಿಕರ, ಅದರಲ್ಲೂ ಕಾರ್ಮಿಕರ ಸ್ಥೈರ್ಯವೇ ಗುರಿ ಎಂಬ ಆದೇಶ ಹೊರಟದ್ದು ಫೆಬ್ರವರಿ 14ರಂದು, ಅಂದರೆ ಹ್ಯಾರಿಸ್ ಅಧಿಕಾರ ವಹಿಸಿಕೊಳ್ಳುವ ಎಂಟು ದಿನ ಮೊದಲು. ಆ ನೀತಿ ಅವನದಲ್ಲ, ಸರ್ಕಾರದ್ದು. ಇದನ್ನು ಹೇಳದೆ ಅವನನ್ನು ದೂಷಿಸುವವರು ನ್ಯಾಯವಾಗಿ ನಡೆದುಕೊಳ್ಳುವುದಿಲ್ಲ. ಹಾಗೆಯೇ ಎದುರಿಗಿದ್ದವರು ಯಾರೆಂಬುದನ್ನೂ ಮರೆಯಬಾರದು. ವಾರ್ಸಾ, ರಾಟರ್‌ಡ್ಯಾಮ್, ಕವೆಂಟ್ರಿ ನಗರಗಳನ್ನು ಮೊದಲು ಸುಟ್ಟದ್ದು ಜರ್ಮನ್ ವಿಮಾನಗಳು. ನಾಜಿಗಳು ಲಕ್ಷಾಂತರ ಯಹೂದಿಗಳನ್ನು ಕೊಲ್ಲುತ್ತಿದ್ದ ಕಾಲ ಅದು. ಜರ್ಮನಿಯನ್ನು ಸೋಲಿಸಲೇಬೇಕಿತ್ತು ಎಂಬುದರಲ್ಲಿ ನಮಗೆ ಸಂಶಯವಿಲ್ಲ.

ನೀತಿ ಬೇರೆಯವರದಾದರೂ ಅದಕ್ಕೆ ಕೈಕಾಲು ಕೊಟ್ಟವನು ಹ್ಯಾರಿಸ್. 1942ರ ಮೇ 30ರ ರಾತ್ರಿ, ತರಬೇತಿಯ ವಿಮಾನಗಳನ್ನೂ ಸೇರಿಸಿಕೊಂಡು 1,047 ವಿಮಾನಗಳನ್ನು ಕಲೋನ್ ನಗರದ ಮೇಲೆ ಕಳಿಸಿ ಜಗತ್ತನ್ನು ಬೆಚ್ಚಿಬೀಳಿಸಿದ. ಕಚೇರಿ ಹೈ ವಿಕಂಬ್‌ನಲ್ಲಿ. ಪ್ರತಿ ಬೆಳಿಗ್ಗೆ ಹವಾಮಾನ ತಜ್ಞನ ಮಾತು ಕೇಳಿ ಅಂದಿನ ರಾತ್ರಿಯ ಊರನ್ನು ಆರಿಸುತ್ತಿದ್ದ. ಸುಟ್ಟ ನಗರಗಳ ಆಕಾಶಚಿತ್ರಗಳನ್ನು ದೊಡ್ಡ ಆಲ್ಬಮ್ಮುಗಳಲ್ಲಿ ಅಂಟಿಸಿಟ್ಟು, ಮನೆಗೆ ಬಂದ ಅತಿಥಿಗಳಿಗೆ ಸ್ಟೀರಿಯೋಸ್ಕೋಪಿನಲ್ಲಿ ತೋರಿಸುತ್ತಿದ್ದ. ನಾಶವಾದ ಊರನ್ನು ಮೂರು ಆಯಾಮದಲ್ಲಿ ನೋಡಬಹುದಿತ್ತು. ಆದರೆ ಎಷ್ಟು ಆಯಾಮವಿದ್ದರೂ ಆ ಎತ್ತರದಿಂದ ಮನುಷ್ಯ ಕಾಣುವುದಿಲ್ಲ.

1943ರ ಜುಲೈ 24ರಿಂದ ಆಗಸ್ಟ್ 3ರವರೆಗೆ ಹ್ಯಾಂಬರ್ಗಿನ ಮೇಲೆ ನಡೆದ ದಾಳಿಗೆ ಕೊಟ್ಟ ಹೆಸರು ‘ಆಪರೇಷನ್ ಗೊಮೋರಾ’. ಅಲ್ಯುಮಿನಿಯಮ್ ಪಟ್ಟಿಗಳನ್ನು ಗಾಳಿಯಲ್ಲಿ ಉದುರಿಸಿ ಜರ್ಮನ್ ರಾಡಾರುಗಳನ್ನು ಕುರುಡಾಗಿಸಿದರು. ಜುಲೈ 27ರ ರಾತ್ರಿ, ಸೆಕೆ ಹೆಚ್ಚಿ ಒಣಗಿದ್ದ ಕಾರ್ಮಿಕರ ಬಡಾವಣೆಗಳಲ್ಲಿ ಬೆಂಕಿಗಳೆಲ್ಲ ಒಂದಾಗಿ, ಸುತ್ತಲಿನ ಗಾಳಿಯನ್ನು ಎಳೆದುಕೊಳ್ಳುವ ಬಿರುಗಾಳಿಯಾಯಿತು. ನೆಲಮಾಳಿಗೆಗಳಲ್ಲಿ ಅಡಗಿದವರು ಉಸಿರುಗಟ್ಟಿ ಸತ್ತರು. ಸತ್ತವರು ಮೂವತ್ತೈದು ಸಾವಿರಕ್ಕೂ ಹೆಚ್ಚು. ಇಂಥವು ಇನ್ನೂ ಆರು ನಗರಗಳಿಗೆ ಆದರೆ ನಮ್ಮ ಶಸ್ತ್ರೋದ್ಯಮ ನಿಲ್ಲುತ್ತದೆ ಎಂದು ಜರ್ಮನಿಯ ಸಚಿವ ಆಲ್ಬರ್ಟ್ ಸ್ಪೀರ್ ಹಿಟ್ಲರನಿಗೆ ಹೇಳಿದ್ದ. ರೂರ್ ಪ್ರದೇಶದ ಮೇಲಿನ 1943ರ ದಾಳಿಗಳು ಜರ್ಮನ್ ಶಸ್ತ್ರೋತ್ಪಾದನೆಯ ಏರಿಕೆಯನ್ನು ತಡೆದವು ಎಂದು ಆರ್ಥಿಕ ಇತಿಹಾಸಕಾರ ಆಡಮ್ ಟೂಜ್ ತೋರಿಸಿಕೊಟ್ಟಿದ್ದಾರೆ. ಆದುದರಿಂದ ಆ ದಾಳಿಗಳಿಂದ ಏನೂ ಆಗಲಿಲ್ಲ ಎನ್ನುವುದೂ ಸುಳ್ಳು.

ಆದರೆ ಆ ಹೆಸರಿನ ಬಳಿ ನಾವು ಸ್ವಲ್ಪ ನಿಲ್ಲಬೇಕು. ಗೊಮೋರಾ ಎಂದರೆ ಲೂತ್ ಪ್ರವಾದಿಯವರ ಜನಾಂಗದ ಊರು, ಪಾಪಕ್ಕಾಗಿ ಆಕಾಶದಿಂದ ಕಲ್ಲಿನ ಮಳೆ ಬಿದ್ದು ನಾಶವಾದ ಊರು. ಕಲೋನ್ ದಾಳಿಯ ವರ್ಷ ಚಲನಚಿತ್ರ ವಾರ್ತೆಯಲ್ಲಿ ಮಾತಾಡುವಾಗಲೂ ಹ್ಯಾರಿಸ್ ಬೈಬಲಿನ ಪ್ರವಾದಿಯೊಬ್ಬರ ಬಿರುಗಾಳಿಯ ಮಾತನ್ನೇ ಎತ್ತಿಕೊಂಡಿದ್ದ. ನಮ್ಮ ಬಾಲ್ಯದ ಉರ್ದು ಪತ್ರಿಕೆ ಬಾಂಬನ್ನು ಮಳೆ ಎಂದಾಗ ಅದು ಕೆಳಗಿದ್ದವರ ಅಸಹಾಯಕತೆಯ ಭಾಷೆ. ಬಾಂಬು ಹಾಕುವವನೇ ಅದನ್ನು ದೈವದಂಡನೆ ಎಂದು ಹೆಸರಿಸಿದರೆ ಅದು ಬೇರೆಯೇ ಸಂಗತಿ. ಮನುಷ್ಯನೊಬ್ಬ ದೇವರ ಕುರ್ಚಿಯಲ್ಲಿ ಕುಳಿತುಕೊಂಡಂತೆ. ಆ ಕಥೆಯಲ್ಲಿ ಇನ್ನೊಂದು ಘಟನೆಯಿದೆ. ಲೂತರ ಊರನ್ನು ನಾಶಮಾಡಲು ಹೊರಟ ದೇವದೂತರು ಮೊದಲು ಇಬ್ರಾಹೀಮರ ಮನೆಗೆ ಬಂದಾಗ, ಆ ಊರಿನವರ ಪರವಾಗಿ ಇಬ್ರಾಹೀಮರು ವಾದಕ್ಕೆ ನಿಲ್ಲುತ್ತಾರೆ. ಸಾಕ್ಷಾತ್ ದೇವರ ತೀರ್ಪಿನ ಎದುರೂ ಒಬ್ಬ ಮನುಷ್ಯ ಮನುಷ್ಯರಿಗಾಗಿ ಬೇಡಿಕೊಳ್ಳುತ್ತಾನೆ. ಬ್ರಿಟನ್ನಿನಲ್ಲಿಯೂ ಅಂಥ ದನಿಗಳಿದ್ದವು. 1944ರ ಫೆಬ್ರವರಿ 9ರಂದು ಚಿಚೆಸ್ಟರಿನ ಬಿಷಪ್ ಜಾರ್ಜ್ ಬೆಲ್ ಪ್ರಭುಗಳ ಸಭೆಯಲ್ಲಿ ಎದ್ದುನಿಂತು, ಇಡೀ ಊರುಗಳನ್ನು ಅಳಿಸುವುದು ನಾವು ಯಾವ ಮೌಲ್ಯಕ್ಕಾಗಿ ಹೋರಾಡುತ್ತೇವೋ ಅದಕ್ಕೇ ವಿರುದ್ಧ ಎಂದು ಕೇಳಿದರು. ಲೇಖಕಿ ವೆರಾ ಬ್ರಿಟನ್ ಕಿರುಹೊತ್ತಗೆ ಬರೆದರು. ಇಬ್ಬರಿಗೂ ಸಿಕ್ಕಿದ್ದು ಬೈಗುಳ.

ಮೇಲೆ ಸತ್ತವರು

ಕೆಳಗೆ ಸತ್ತವರ ಬಗ್ಗೆ ಮಾತ್ರ ಹೇಳಿದರೆ ಲೆಕ್ಕ ಪೂರ್ತಿಯಾಗದು. ಬಾಂಬರ್ ಕಮಾಂಡಿನಲ್ಲಿ ಹಾರಿದ ಸುಮಾರು 1,25,000 ತರುಣರಲ್ಲಿ 55,573 ಮಂದಿ ಸತ್ತರು. ಬಹುಪಾಲು ಇಪ್ಪತ್ತರ ಆಸುಪಾಸಿನವರು. ಮೂವತ್ತು ಸಲ ಹೋಗಿ ಬಂದರೆ ಒಂದು ಸುತ್ತು ಮುಗಿಯುತ್ತಿತ್ತು. ಅನೇಕರಿಗೆ ಮುಗಿಯಲೇ ಇಲ್ಲ. 1943ರ ಚಳಿಗಾಲದಲ್ಲಿ, ನಾನ್ನೂರು ಐನೂರು ವಿಮಾನ ಹೋದರೂ ಬರ್ಲಿನ್ ನಾಶವಾದರೆ ಜರ್ಮನಿ ಯುದ್ಧ ಸೋಲುತ್ತದೆ ಎಂದು ಹ್ಯಾರಿಸ್ ಚರ್ಚಿಲ್‌ಗೆ ಮಾತು ಕೊಟ್ಟ. ಆ ಚಳಿಗಾಲದ ದಾಳಿಗಳಲ್ಲಿ ಸಾವಿರಕ್ಕೂ ಹೆಚ್ಚು ವಿಮಾನ ಹೋದವು, ಜರ್ಮನಿ ಸೋಲಲಿಲ್ಲ. 1944ರ ಮಾರ್ಚ್ 30ರ ಬೆಳದಿಂಗಳ ರಾತ್ರಿ ನ್ಯೂರೆಂಬರ್ಗಿಗೆ ಹೊರಟ 795 ವಿಮಾನಗಳಲ್ಲಿ 95 ಮರಳಲಿಲ್ಲ.

ಮುಂದೆ ಜಗತ್ಪ್ರಸಿದ್ಧ ಭೌತವಿಜ್ಞಾನಿಯಾದ ಫ್ರೀಮನ್ ಡೈಸನ್ ಆಗ ಹತ್ತೊಂಬತ್ತರ ಹುಡುಗ. ಹ್ಯಾರಿಸ್‌ನ ಮುಖ್ಯ ಕಚೇರಿಯಲ್ಲಿ ಅಂಕಿಅಂಶ ಲೆಕ್ಕ ಹಾಕುವ ಕೆಲಸ. ಅವರು ಬರೆದ ನೆನಪುಗಳು ಹ್ಯಾರಿಸ್‌ನ ಇಡೀ ಪುಸ್ತಕಕ್ಕಿಂತ ಹೆಚ್ಚು ಹೇಳುತ್ತವೆ. ಲ್ಯಾಂಕಾಸ್ಟರ್ ವಿಮಾನದಿಂದ ಹಾರಿ ತಪ್ಪಿಸಿಕೊಳ್ಳುವ ಕಿಂಡಿಯ ಅಗಲ 22 ಇಂಚು, ಹ್ಯಾಲಿಫ್ಯಾಕ್ಸ್ ವಿಮಾನದ್ದು 24 ಇಂಚು. ದಪ್ಪ ಉಡುಪು, ಪ್ಯಾರಾಚೂಟು ತೊಟ್ಟ ಹುಡುಗ ಉರಿಯುವ ವಿಮಾನದೊಳಗೆ, ಕತ್ತಲಲ್ಲಿ, ಆ ಎರಡಿಂಚು ಸಾಲದೆ ಸಿಕ್ಕಿಬೀಳುತ್ತಿದ್ದ. ಹೊಡೆದುರುಳಿಸಿದ ಲ್ಯಾಂಕಾಸ್ಟರುಗಳಿಂದ ಬದುಕಿ ಬಂದವರು ಹ್ಯಾಲಿಫ್ಯಾಕ್ಸಿನವರಿಗಿಂತ ಬಹಳ ಕಡಿಮೆ. ಕಿಂಡಿ ಅಗಲಿಸಿ ಎಂದು ಡೈಸನ್‌ರ ಸಹೋದ್ಯೋಗಿಯೊಬ್ಬ ವರ್ಷಗಟ್ಟಲೆ ಬಡಿದಾಡಿದ. ಒಪ್ಪಿಗೆ ಸಿಗುವಷ್ಟರಲ್ಲಿ ಯುದ್ಧ ಮುಗಿಯುತ್ತ ಬಂದಿತ್ತು. ಕೆಳಗಿನ ಮನುಷ್ಯ ಕಾಣದ ಕಣ್ಣಿಗೆ ಕೊನೆಗೆ ತನ್ನ ವಿಮಾನದೊಳಗಿನ ಮನುಷ್ಯನೂ ಕಾಣದಾಗುತ್ತಾನೆ ಎಂಬುದಕ್ಕೆ ಆ ಎರಡಿಂಚಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಡ್ರೆಸ್ಡನ್ ಮತ್ತು ಒಂದು ವಾಕ್ಯ

1945ರ ಫೆಬ್ರವರಿ 13ರಿಂದ 15ರವರೆಗೆ ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳು ಡ್ರೆಸ್ಡನ್ ನಗರವನ್ನು ಸುಟ್ಟವು. ಸತ್ತವರ ಸಂಖ್ಯೆಯನ್ನು ಬಹಳ ಕಾಲ ಲಕ್ಷದಾಚೆಗೆ ಹೇಳುತ್ತಿದ್ದರು. ಡೇವಿಡ್ ಇರ್ವಿಂಗ್ ಎಂಬವನ ಪುಸ್ತಕ ಅದನ್ನು ಹಬ್ಬಿಸಿತು. ನಾಜಿ ನರಮೇಧವನ್ನೇ ನಿರಾಕರಿಸುವವನೆಂದು 2000ದಲ್ಲಿ ಲಂಡನ್ನಿನ ನ್ಯಾಯಾಲಯ ತೀರ್ಪು ಕೊಟ್ಟದ್ದು ಇವನ ಬಗ್ಗೆಯೇ. ಡ್ರೆಸ್ಡನ್ ನಗರವೇ ನೇಮಿಸಿದ ಇತಿಹಾಸಕಾರರ ಸಮಿತಿ 2010ರಲ್ಲಿ, ಸತ್ತವರು ಹೆಚ್ಚೆಂದರೆ 25,000 ಎಂದು ತೀರ್ಮಾನಿಸಿತು. ಇದನ್ನು ಒತ್ತಿ ಹೇಳಲು ಕಾರಣವಿದೆ. ಸತ್ತವರ ಸಂಖ್ಯೆಯನ್ನು ಹಿಗ್ಗಿಸಿದರೆ ಅವರಿಗೆ ಗೌರವ ಸಲ್ಲುವುದಿಲ್ಲ. ಇಪ್ಪತ್ತೈದು ಸಾವಿರ ಸಾಲದೇ?

ಮಾರ್ಚ್ 28ರಂದು ಚರ್ಚಿಲ್ ಒಂದು ಟಿಪ್ಪಣಿ ಬರೆದು, ಬರೀ ಭಯ ಹುಟ್ಟಿಸಲು ನಗರಗಳನ್ನು ಸುಡುವುದನ್ನು ಮರುಯೋಚಿಸಬೇಕೆಂದ. ಇಷ್ಟು ದಿನ ಎಲ್ಲಕ್ಕೂ ಒಪ್ಪಿಗೆ ಕೊಟ್ಟವನು ಈಗ ಕೈ ತೊಳೆದುಕೊಳ್ಳುತ್ತಿದ್ದ. ಸೇನಾಧಿಕಾರಿಗಳು ಸಿಟ್ಟಾದಾಗ ಟಿಪ್ಪಣಿ ಹಿಂತೆಗೆದುಕೊಂಡು ಮೆದುವಾಗಿ ಬರೆದ. ಜರ್ಮನಿಯಲ್ಲಿ ಉಳಿದಿರುವ ನಗರಗಳೆಲ್ಲ ಸೇರಿದರೂ ಒಬ್ಬ ಬ್ರಿಟಿಷ್ ಸಿಪಾಯಿಯ ಮೂಳೆಗೆ ಸಮವಲ್ಲ ಎಂದು ಹ್ಯಾರಿಸ್ ಉತ್ತರಿಸಿದ. ಮೇ 13ರ ವಿಜಯದ ಭಾಷಣದಲ್ಲಿ ಚರ್ಚಿಲ್ ಬಾಂಬರ್ ಕಮಾಂಡಿನ ಹೆಸರೆತ್ತಲಿಲ್ಲ. ಆ ಪಡೆಗೆ ಪ್ರತ್ಯೇಕ ಪದಕವೂ ಸಿಗಲಿಲ್ಲ. ಹ್ಯಾರಿಸ್ ಕಹಿ ನುಂಗಿಕೊಂಡು ದಕ್ಷಿಣ ಆಫ್ರಿಕಕ್ಕೆ ಹೋಗಿ ಹಡಗು ಕಂಪನಿ ನಡೆಸಿದ. 1984ರ ಏಪ್ರಿಲ್ 5ರಂದು ಇಂಗ್ಲೆಂಡಿನಲ್ಲಿ ತೀರಿಕೊಂಡ.

ಒಂದು ವಿಷಯದಲ್ಲಿ ಹ್ಯಾರಿಸ್ ತನ್ನ ಸರ್ಕಾರಕ್ಕಿಂತ ಪ್ರಾಮಾಣಿಕ. ನಗರಗಳನ್ನು ನಾಶಮಾಡುವುದು, ಕಾರ್ಮಿಕರನ್ನು ಕೊಲ್ಲುವುದೇ ನಮ್ಮ ಉದ್ದೇಶವೆಂದು ಬಹಿರಂಗವಾಗಿ ಹೇಳಿ ಎಂದು 1943ರಲ್ಲಿ ಅವನು ಮಂತ್ರಾಲಯವನ್ನು ಒತ್ತಾಯಿಸಿದ. ಮಂತ್ರಾಲಯ ಒಪ್ಪಲಿಲ್ಲ, ಕಾರ್ಖಾನೆಗಳೇ ಗುರಿ ಎಂದು ಜನರಿಗೆ ಹೇಳುತ್ತಲೇ ಇತ್ತು. ಇಂಥ ನೇರ ಮನುಷ್ಯ ತನ್ನ ಪುಸ್ತಕದಲ್ಲಿ ಡ್ರೆಸ್ಡನ್ನಿಗೆ ಬಂದಾಗ ಮಾತ್ರ, ತನಗಿಂತ ಬಹಳ ದೊಡ್ಡವರು ಅದನ್ನು ಅಗತ್ಯವೆಂದು ತಿಳಿದಿದ್ದರು ಎಂಬ ಅರ್ಥದ ಒಂದು ವಾಕ್ಯದ ಹಿಂದೆ ಅಡಗಿಕೊಳ್ಳುತ್ತಾನೆ. ನಮ್ಮ ಪ್ರಕಾರ ಇಡೀ ಪುಸ್ತಕದ ಸತ್ವಪರೀಕ್ಷೆ ಆ ವಾಕ್ಯದಲ್ಲಿದೆ. ಇಡೀ ಬದುಕಿನಲ್ಲಿ ಮೇಲಿನವರ ಆದೇಶಗಳನ್ನು ತನಗೆ ಬೇಕಾದಂತೆ ತಿರುಗಿಸಿಕೊಂಡವನು ಅವನು. 1944ರ ಕೊನೆಯಲ್ಲಿ ತೈಲಾಗಾರಗಳನ್ನು ಹೊಡೆಯಿರಿ ಎಂದು ಮುಖ್ಯಸ್ಥ ಪೋರ್ಟಲ್ ಪತ್ರದ ಮೇಲೆ ಪತ್ರ ಬರೆದಾಗ ವಾದಕ್ಕಿಳಿದು, ಬೇಕಾದರೆ ರಾಜೀನಾಮೆ ಕೊಡುತ್ತೇನೆ ಎಂದವನು. ಡ್ರೆಸ್ಡನ್ನಿನ ವಿಷಯದಲ್ಲಿ ಮಾತ್ರ ಹೇಳಿದ ಕೆಲಸ ಮಾಡಿದ ಆಳು ಆಗಿಬಿಡುತ್ತಾನೆ.

ಪುಸ್ತಕದ ಇನ್ನೊಂದು ವಾದ: ಮೊದಲ ಯುದ್ಧದಲ್ಲಿ ಬ್ರಿಟಿಷ್ ನೌಕಾದಿಗ್ಬಂಧನದಿಂದ ಸುಮಾರು ಎಂಟು ಲಕ್ಷ ಜರ್ಮನರು ಹಸಿವಿನಿಂದ ಸತ್ತರು, ಅದಕ್ಕೆ ಹೋಲಿಸಿದರೆ ಬಾಂಬು ಮಾನವೀಯ. ಈ ವಾದ ತಾರ್ಕಿಕವಾಗಿ ಗಟ್ಟಿ, ಅದಕ್ಕೇ ಭಯ ಹುಟ್ಟಿಸುತ್ತದೆ. ಒಂದು ಪಾಪವನ್ನು ಇನ್ನೊಂದರಿಂದ ಅಳೆದು ಚಿಕ್ಕದು ಎನ್ನುವ ಈ ಲೆಕ್ಕಕ್ಕೆ ಕೊನೆಯೇ ಇಲ್ಲ.

ಡಡ್ಲಿ ಸಾವರ್ಡ್ 1984ರಲ್ಲಿ, ಹೆನ್ರಿ ಪ್ರೋಬರ್ಟ್ 2001ರಲ್ಲಿ ಹ್ಯಾರಿಸ್‌ನ ಜೀವನಚರಿತ್ರೆ ಬರೆದರು. ಸಾವರ್ಡ್ ಅವನ ಕೈಕೆಳಗೆ ರಾಡಾರ್ ಅಧಿಕಾರಿಯಾಗಿದ್ದವರು, ಅವರದು ಶಿಷ್ಯನ ಪುಸ್ತಕ. ಪ್ರೋಬರ್ಟ್ ವಾಯುಪಡೆಯ ಇತಿಹಾಸ ವಿಭಾಗದ ಮುಖ್ಯಸ್ಥರಾಗಿದ್ದವರು, ಅವರದು ಹೆಚ್ಚು ಶ್ರಮದ, ಹೆಚ್ಚು ಸಮತೂಕದ ಕೃತಿ. ಆದರೂ ಎರಡೂ ಅದೇ ಮನೆಯೊಳಗಿನ ಬರಹಗಳು. ಇರಾಕ್ ಅವುಗಳಲ್ಲಿ ನಾಯಕನ ತರಬೇತಿಯ ಅಧ್ಯಾಯ, ಅಷ್ಟೇ. ಅಲ್ಲಿಂದ ಡ್ರೆಸ್ಡನ್ನಿಗೆ ಗೆರೆ ಎಳೆದು ತೋರಿಸಿದ್ದು ಸ್ವೀಡನ್ನಿನ ಲೇಖಕ ಸ್ವೆನ್ ಲಿಂಡ್‌ಕ್ವಿಸ್ಟ್, ಬಾಂಬಿನ ಇತಿಹಾಸದ ಕುರಿತ ತನ್ನ ಪುಸ್ತಕದಲ್ಲಿ. ವಸಾಹತುಗಳಲ್ಲಿ ಕಲಿತದ್ದು ಒಂದು ದಿನ ಮನೆಗೆ ಮರಳಿ ಬರುತ್ತದೆ ಎಂಬುದು ಅವರ ಮಾತಿನ ಸಾರ. ಕೆಳಗಿನಿಂದ ಕಂಡದ್ದನ್ನು ಸಾಹಿತಿಗಳು ಬರೆದರು. ಹ್ಯಾನ್ಸ್ ಎರಿಕ್ ನೊಸಾಕ್ ತನ್ನ ಹ್ಯಾಂಬರ್ಗ್ ಸುಡುವುದನ್ನು ದೂರದ ಬಯಲಿನಿಂದ ನೋಡಿ ಬರೆದ. ಡ್ರೆಸ್ಡನ್ನಿನ ಕಸಾಯಿಖಾನೆಯಲ್ಲಿ ಸೆರೆಯಾಳಾಗಿದ್ದು ಬದುಕುಳಿದ ಅಮೆರಿಕದ ಕರ್ಟ್ ವೊನೆಗಟ್ ಅದನ್ನು ಕಾದಂಬರಿಯಾಗಿಸಲು 1969ರವರೆಗೆ ಒದ್ದಾಡಿದ. ಜರ್ಮನ್ ಸಾಹಿತ್ಯ ಈ ಅನುಭವದ ಬಗ್ಗೆ ಏಕೆ ಮೌನವಾಗಿತ್ತು ಎಂದು ಡಬ್ಲ್ಯು. ಜಿ. ಸೆಬಾಲ್ಡ್ 1997ರ ಉಪನ್ಯಾಸಗಳಲ್ಲಿ ಕೇಳಿದ. ಆದರೆ ದೀವಾನಿಯಾದ ಆಸ್ಪತ್ರೆಯಲ್ಲಿ ಮಲಗಿದ್ದವರ ನೊಸಾಕ್ ಎಲ್ಲಿ? ಸುಲೈಮಾನಿಯಾದ ಆ ದಿನ ಜಗತ್ತಿನ ಓದಿಗೆ ಎಷ್ಟು ಸಿಕ್ಕಿದೆ? ನಮ್ಮ ಕೊರಗು ಇದು.

ನಮ್ಮ ಕಡೆಯ ಲೆಕ್ಕ

ಇಷ್ಟು ಬರೆದು, ಬ್ರಿಟಿಷರ ಕಪಟವನ್ನು ಬಯಲು ಮಾಡಿದೆವೆಂದು ಸಮಾಧಾನಪಟ್ಟು ಲೇಖನ ಮುಗಿಸಬಹುದಿತ್ತು. ಓದುಗರಲ್ಲಿ ಅನೇಕರಿಗೆ ಅದು ಹಿತವೆನಿಸುತ್ತಿತ್ತು. 2003ರ ಬಾಗ್ದಾದ್, ಡ್ರೋನುಗಳ ಕಾಲದ ವಜೀರಿಸ್ತಾನ್, 2023ರ ಅಕ್ಟೋಬರಿನಿಂದ ಗಾಜಾ – ಹ್ಯಾರಿಸ್ ಹಾರಿದ ಅದೇ ಆಕಾಶಗಳ ಕೆಳಗೆ ಮತ್ತೆ ಅದೇ ಮನೆಗಳು ಕುಸಿದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಎಚ್ಚರಿಕೆಯ ಚೀಟಿ ಉದುರಿಸಿ ಆಮೇಲೆ ಬಾಂಬು ಹಾಕುವ ಪದ್ಧತಿಗೂ ನೂರು ವರ್ಷವಾಯಿತು.

ಆದರೆ ಸುಲೈಮಾನಿಯಾದಿಂದ ಹೆಚ್ಚು ದೂರವಿಲ್ಲದ ಹಲಬ್ಜಾ ಎಂಬ ಊರಿದೆ. 1988ರ ಮಾರ್ಚ್ 16ರಂದು ಅಲ್ಲಿ ಆಕಾಶದಿಂದ ವಿಷಾನಿಲ ಸುರಿಯಿತು. ಸುಮಾರು ಐದು ಸಾವಿರದವರೆಗೆ ಕುರ್ದರು ಸತ್ತರು ಎಂಬ ಅಂದಾಜಿದೆ. ವಿಮಾನಗಳು ಇರಾಕಿನವೇ, ಕಳಿಸಿದವನು ಸದ್ದಾಮ್ ಹುಸೇನ್, ಸತ್ತವರೂ ಕೊಂದವರೂ ಕಲಿಮಾ ಓದುವವರೇ. 1991ರಲ್ಲಿ ನಮ್ಮ ಕೆಲವು ಅಂಗಡಿಗಳಲ್ಲಿ ಸದ್ದಾಮನ ಚಿತ್ರ ನೇತಾಡುತ್ತಿತ್ತು. ಹಲಬ್ಜಾ ಆಗಲೇ ನಡೆದು ಮೂರು ವರ್ಷವಾಗಿತ್ತು. ಅದನ್ನು ಯಾರೂ ಕೇಳಲಿಲ್ಲ. ಭಾರತೀಯರಾದ ನಮಗೆ ಇನ್ನೊಂದು ಊರೂ ಇದೆ, ಐಜ್ವಾಲ್. 1966ರ ಮಾರ್ಚಿನಲ್ಲಿ ಮಿಜೋ ಬಂಡಾಯವನ್ನು ಅಡಗಿಸಲು ನಮ್ಮದೇ ವಾಯುಪಡೆಯ ವಿಮಾನಗಳು ನಮ್ಮದೇ ದೇಶದ ಆ ಊರಿನ ಮೇಲೆ ಗುಂಡು, ಬಾಂಬು ಹಾಕಿದವು. ಮಿಜೋರಾಮಿನಲ್ಲಿ ಮಾರ್ಚ್ 5ನ್ನು ಇಂದಿಗೂ ನೆನೆಯುವವರಿದ್ದಾರೆ. ನಮ್ಮ ಶಾಲೆಯ ಪಾಠಗಳಲ್ಲಿ, ಉರ್ದುವಿನಲ್ಲಾಗಲಿ ಕನ್ನಡದಲ್ಲಾಗಲಿ, ಅದನ್ನು ನಾವು ಓದಲಿಲ್ಲ.

2012ರ ಜೂನಿನಲ್ಲಿ ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಬಾಂಬರ್ ಕಮಾಂಡಿನ ಸತ್ತ ವೈಮಾನಿಕರಿಗೆ ಒಂದು ಸ್ಮಾರಕ ಕಟ್ಟಿದರು. ಅದರಲ್ಲಿ, ದಾಳಿಗಳಲ್ಲಿ ಸತ್ತ ಎಲ್ಲ ದೇಶದವರನ್ನೂ ನೆನೆಯುವ ಮಾತನ್ನು ಸೇರಿಸಿದ್ದಾರೆ. 1992ರ ಪ್ರತಿಮೆಯಿಂದ ಇಲ್ಲಿಗೆ ಬರಲು ಆ ಸಮಾಜಕ್ಕೆ ಇಪ್ಪತ್ತು ವರ್ಷ ಬೇಕಾಯಿತು. ಬೈದವರು, ಬಣ್ಣ ಎರಚಿದವರು, ಬಿಷಪ್ ಬೆಲ್, ಡೈಸನ್ ಎಲ್ಲರದೂ ಅದರಲ್ಲಿ ಪಾಲಿದೆ. ತನ್ನ ವೀರನನ್ನು ತಾನೇ ಪ್ರಶ್ನಿಸುವ ಆ ಅಭ್ಯಾಸವನ್ನು ನಾವು ಅವರಿಂದ ಕಲಿಯಬೇಕಾಗಿದೆ. ಹಲಬ್ಜಾದ ಲೆಕ್ಕವನ್ನು ನಾವೇ ಕೇಳದಿದ್ದರೆ ದೀವಾನಿಯಾದ ಲೆಕ್ಕ ಕೇಳಲು ನಮಗೆ ಬಾಯಿ ಎಲ್ಲಿಂದ ಬರಬೇಕು?

ಇನ್ನು ಮುಂದೆ ‘ಬಂಬಾರಿ’ ಎಂಬ ಪದ ಓದುವಾಗ ಅದನ್ನು ಮಳೆ ಎಂದು ತಿಳಿಯದಿರೋಣ. ಮಳೆಗೆ ಹೆಸರಿಲ್ಲ, ವಿಳಾಸವಿಲ್ಲ. ಬಾಂಬಿಗೆ ಎರಡೂ ಇರುತ್ತವೆ.